ಎರಡನೇ ಮೊಲದ ಮೊದಲ ರಕ್ತ

ಕುರಿಯ ತಲೆಯನ್ನು ಮೂಗಿನ ಗುಂಟ ಸರಿಯಾಗಿ ಎರಡು ಹೋಳು ಮಾಡುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಲಿಸಿದವನು ಕೊಪ್ಪಳದಲ್ಲಿ ಮಟನ್ ಅಂಗಡಿ ಇಟ್ಟಿದ್ದ ಖಾಸಿಂಸಾಬ. ಮೊದಲ ದಿನ ನಾನು ಗರಗಸ ಹಿಡಿದು ಅರ್ಧ ಗಂಟೆ ಒದ್ದಾಡಿದ್ದನ್ನು ನೋಡಿ ಅವನು ನಗುತ್ತ ಬಂದು ತಲೆಯನ್ನು ನನ್ನ ಕೈಯಿಂದ ಇಸಿದುಕೊಂಡ.

“ಏನ್ ಯಂಕಪ್ಪ, ಇಷ್ಟ ಓದೀನಿ ಅಂತಿ, ಒಂದ ತಲಿ ಒಡ್ಯಾಕ ಬರೂದಿಲ್ಲ. ಆ ಮೂಗಿನ್ಯಾಗ ಏನ್ ಬಂಗಾರ ಐತೋ ಮಾರಾಯ?”

“ವಾಸನಿ ಐತ್ರಿ ಸಾಬ್ರ,” ಎಂದೆ.

“ಅದು ನನ್ನ ಅಂಗಡ್ಯಾಗೂ ಬೇಕಾದಷ್ಟ ಐತಿ. ಪುಕ್ಕಟ ಒಯ್ಯಿ,” ಎಂದ.

ನಮ್ಮ ಓಣಿಯ ಇಬ್ಬರು ಹುಡುಗಿಯರು ಈಗ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರಿದ್ದಾರೆ. ಮೊನ್ನೆ ಮನೆಗೆ ಬಂದು “ಕಾಕಾ, ನಿಮ್ಮ ಅನುಭವ ಹೇಳ್ರಿ” ಎಂದು ಕೂತರು. ಖಾಸಿಂಸಾಬನ ಕಥೆ ಹೇಳಿ ನಗಿಸಿ ಕಳಿಸಿದೆ. ಹೇಳಬೇಕಾದದ್ದು ಬೇರೆಯೇ ಇತ್ತು, ಅದು ಬಾಯಿಗೆ ಬರಲಿಲ್ಲ. ಒಬ್ಬ ಹುಡುಗಿಯ ಆರು ವರ್ಷದ ಓದು ನನ್ನ ಕೈಯಿಂದ ಹಾಳಾಯಿತು. ಹಾಳಾದದ್ದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಲ್ಯಾಬಿಗೆ ಹೊಸದಾಗಿ ಕಾಲಿಡುವವರು ಅದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಯಲಬುರ್ಗಾ ಕಡೆಯವನು. ಗಂಗಾವತಿಯ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿ ಐದಾರು ವರ್ಷ ಮಲೇರಿಯಾ, ಟೈಫಾಯ್ಡ್ ಎಂದು ಜನರ ಬೆರಳು ಚುಚ್ಚಿದೆ. 1997ರಲ್ಲಿ, ಕೊಪ್ಪಳ ಹೊಸ ಜಿಲ್ಲೆಯಾಗುತ್ತಿದ್ದ ದಿನಗಳಲ್ಲಿ, ಮುನಿರಾಬಾದ್ ಹತ್ತಿರದ ಒಂದು ಖಾಸಗಿ ಸಂಶೋಧನಾ ಕೇಂದ್ರಕ್ಕೆ ಸೇರಿದೆ. ಅದರ ಹೆಸರು ಹೇಳುವುದಿಲ್ಲ. ಕೇಂದ್ರ ಮುಚ್ಚಿ ವರ್ಷಗಳಾದವು, ಕಟ್ಟಡದಲ್ಲಿ ಈಗ ಗೊಬ್ಬರದ ಗೋದಾಮು ಇದೆ.

ಕೇಂದ್ರದ ಕೆಲಸ ಕುರಿಯ ಮೂಗಿನದು. ಕುರಿ ಈದಾಗ ತನ್ನ ಮರಿಯನ್ನು ವಾಸನೆಯಿಂದ ಗುರುತಿಸುತ್ತದೆ. ಬೇರೆ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುದ್ದಿ ಅಟ್ಟುತ್ತದೆ. ತಾಯಿ ಸತ್ತ ಮರಿಗಳು ಹೀಗೆ ಹಾಲಿಲ್ಲದೆ ಸಾಯುತ್ತವೆ. ಕುರಿಯ ಮೂಗಿನ ಒಳಪೊರೆಯಲ್ಲಿ ವಾಸನೆಯನ್ನು ಹಿಡಿಯುವ ಪ್ರೋಟೀನುಗಳು ಇರುತ್ತವೆ. ಅವುಗಳಲ್ಲಿ ಮರಿಯ ವಾಸನೆಯನ್ನು ಹಿಡಿಯುವುದು ಯಾವುದು ಎಂದು ಗೊತ್ತಾದರೆ ತಬ್ಬಲಿ ಮರಿಗಳನ್ನು ಉಳಿಸುವ ದಾರಿ ಸಿಗುತ್ತದೆ ಎಂದು ನಮ್ಮ ಮುಖ್ಯಸ್ಥರಾದ ದೇಸಾಯಿ ಸರ್ ನಂಬಿದ್ದರು. ಆದರೆ ಆ ಪ್ರೋಟೀನು ಕಣ್ಣಿಗೆ ಕಾಣುವಂಥದಲ್ಲ, ಇರುವುದೂ ಚೂರೇ ಚೂರು. ಅದನ್ನು ಕಾಣಿಸಲು ಪ್ರತಿಕಾಯ ಬೇಕು.

ಪ್ರತಿಕಾಯ ಎಂಬ ಮಾತಿಗೆ ಹೆದರಬೇಡಿ. ಹೊರಗಿನ ವಸ್ತು ಮೈಗೆ ಹೊಕ್ಕಾಗ ಅದನ್ನು ಗುರುತು ಹಿಡಿದು ಅಂಟಿಕೊಳ್ಳುವ ಪದಾರ್ಥವೊಂದು ರಕ್ತದಲ್ಲಿ ಹುಟ್ಟುತ್ತದೆ, ಅದೇ ಪ್ರತಿಕಾಯ. ಕುರಿಯ ಮೂಗಿನ ಪ್ರೋಟೀನಿನ ತುಣುಕೊಂದನ್ನು ಮೊಲಕ್ಕೆ ಚುಚ್ಚುತ್ತೇವೆ. ಕೆಲವು ವಾರಗಳಲ್ಲಿ ಮೊಲದ ರಕ್ತದಲ್ಲಿ ಅದಕ್ಕೆ ತಕ್ಕ ಪ್ರತಿಕಾಯ ತಯಾರಾಗುತ್ತದೆ. ಆ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ಕುರಿಯ ಮೂಗಿನಿಂದ ತೆಗೆದು ಹಾಳೆಯ ಮೇಲೆ ಹರಡಿದ ಪ್ರೋಟೀನುಗಳಿಗೆ ಉಣಿಸಿದರೆ ಬೇಕಾದ ಪ್ರೋಟೀನು ಇರುವಲ್ಲಿ ಕಪ್ಪು ಗೀರು ಮೂಡುತ್ತದೆ. ಎಲ್ಲ ಸರಿಯಿದ್ದರೆ ಮಾತ್ರ. ಸರಿಯಿಲ್ಲದಿದ್ದರೂ ಗೀರು ಮೂಡುತ್ತದೆ, ಬೇರೆ ಯಾವುದಕ್ಕೋ ಅಂಟಿಕೊಂಡು.

ಹೀಗೆ ನನ್ನ ದಿನ ಖಾಸಿಂಸಾಬನ ಅಂಗಡಿಯಲ್ಲಿ ಶುರುವಾಗುತ್ತಿತ್ತು. ಕೊಯ್ದ ಕೂಡಲೇ ತಲೆಯನ್ನು ಐಸಿನಲ್ಲಿಟ್ಟು ಬಸ್ಸು ಹತ್ತುವುದು. ಒಮ್ಮೆ ಥರ್ಮಾಕೋಲ್ ಪೆಟ್ಟಿಗೆಯ ತಳ ಒಡೆದು ರಕ್ತದ ನೀರು ಹರಿದು ಒಬ್ಬ ಯಜಮಾನರ ಬಿಳಿ ಧೋತರಕ್ಕೆ ಹತ್ತಿತು. ಬಸ್ಸಿನ ತುಂಬ ಗಲಾಟೆ. ಕಂಡಕ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ “ಅಯ್ಯ ಶಿವನ, ಇಳೀಪಾ ನೀ ಮೊದ್ಲ” ಎಂದು ಗಿಣಿಗೇರಿಯಲ್ಲಿ ಇಳಿಸಿಬಿಟ್ಟ. ಬಿಸಿಲಲ್ಲಿ ನಿಂತು ಐಸು ಕರಗಿ ನಾಲ್ಕೂ ತಲೆ ನಾರಿದವು. ಲ್ಯಾಬಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೇಸಾಯಿ ಸರ್ ಮುಖ ಕೆಂಪಗೆ ಮಾಡಿಕೊಂಡು ಬೈದರು, ಸಂಜೆ ತಾವೇ ಚಹಾ ತರಿಸಿ ಕೊಟ್ಟರು. ಆಗೆಲ್ಲ ನನಗೆ ನಿಜ ಹೇಳಲು ಭಯವಿರಲಿಲ್ಲ, ಯಾಕೆಂದರೆ ನನ್ನ ಬಗ್ಗೆ ಯಾರಿಗೂ ದೊಡ್ಡ ಅಭಿಪ್ರಾಯವಿರಲಿಲ್ಲ.

ಅಭಿಪ್ರಾಯ ಬೆಳೆದದ್ದು ಮೊಲಗಳಿಂದ. ಮೊಲದ ಕಿವಿಯ ಅಂಚಿನಲ್ಲಿ ದಾರದಷ್ಟು ಸಣ್ಣ ರಕ್ತನಾಳ ಇರುತ್ತದೆ. ಅದಕ್ಕೆ ಸೂಜಿ ಹಾಕಿ, ಮೊಲ ಕೊಸರದಂತೆ ರಕ್ತ ತೆಗೆಯಬೇಕು. ನನಗೆ ಅದು ಒಂದೇ ಚುಚ್ಚಿಗೆ ಸಿಗುತ್ತಿತ್ತು. ಮೊಲವನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟು, ಕಿವಿಯನ್ನು ಎರಡು ಬೆರಳ ನಡುವೆ ಬೆಚ್ಚಗೆ ತೀಡುತ್ತಿದ್ದೆ. ನಮ್ಮ ಕಡೆ ಕೈಗುಣವನ್ನು ಭಾಳ ನಂಬುತ್ತಾರೆ. ಒಬ್ಬರ ಕೈಯಿಂದ ಹಚ್ಚಿದ ಸಸಿ ಹತ್ತುತ್ತದೆ, ಇನ್ನೊಬ್ಬರ ಕೈಯಿಂದ ಒಣಗುತ್ತದೆ. ಹೊರದೇಶದಲ್ಲಿ ಓದಿ ಬಂದ ದೇಸಾಯಿ ಸರ್ ಕೂಡ ಬಂದವರಿಗೆಲ್ಲ “ಯಂಕಪ್ಪನ ಕೈಗುಣ ನೋಡ್ರಿ, ಮೊಲಕ್ಕ ಚುಚ್ಚಿದ್ದ ಗೊತ್ತಾಗೂದಿಲ್ಲ” ಎಂದು ತೋರಿಸುತ್ತಿದ್ದರು. ನಾನು ಒಳಗೊಳಗೇ ಉಬ್ಬಿದೆ. ಉಬ್ಬಿದ್ದೇ ತಪ್ಪಾಯಿತು.

ಕುಕನೂರಿನ ಹತ್ತಿರ ನನ್ನ ಸೋದರಮಾವ ದ್ಯಾಮಣ್ಣ ಕುರಿ ಕಾಯುತ್ತಿದ್ದ. ದೇಸಾಯಿ ಸರ್ ಒಮ್ಮೆ ಅವನ ಹಟ್ಟಿಗೆ ಬಂದರು. ಆ ದಿನವೇ ಒಂದು ಕುರಿಯ ಮರಿ ಸತ್ತಿತ್ತು, ಇನ್ನೊಂದು ಕಡೆ ತಾಯಿಯಿಲ್ಲದ ಮರಿ ಒದರುತ್ತಿತ್ತು. ಮಾವ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಯ ಮೈಗೆ ಅಂಗಿಯ ಹಾಗೆ ಕಟ್ಟಿದ. ಸತ್ತ ಮರಿಯ ತಾಯಿ ಬಂದು ಬಾಲದ ಬುಡವನ್ನು ಮೂಸಿತು, ಇನ್ನೊಮ್ಮೆ ಮೂಸಿತು, ಸುಮ್ಮನೆ ನಿಂತು ಹಾಲು ಕೊಟ್ಟಿತು.

“ಕುರಿ ಕಣ್ಣಿಲೆ ನಂಬೂದಿಲ್ರಿ ಸಾಹೇಬ್ರ, ಮೂಗಿಲೆ ನಂಬತೈತಿ,” ಎಂದ ಮಾವ.

“ಚರ್ಮ ತಗದ ಮ್ಯಾಲ?” ಎಂದು ಸರ್ ಕೇಳಿದರು.

“ಎಳ್ಡ ದಿನ ಅಷ್ಟ ಸುಳ್ಳು ಹೇಳೂದು. ಅಷ್ಟರಾಗ ಅದರ ಹಾಲು ಇದರ ಹೊಟ್ಟ್ಯಾಗ ಹೊಕ್ಕಿರತೈತಿ. ಆಮ್ಯಾಲ ಖರೇನ ಅದರ ಮರಿ ಆಕ್ಕೈತಿ.”

ಸರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನೂ ಮುಂದೆ ಒಂದು ಸುಳ್ಳು ಹೇಳಿ, ದಿನ ಕಳೆದರೆ ಅದು ನಿಜವಾದೀತು ಎಂದು ಕಾದೆ. ಆಗಲಿಲ್ಲ.

ಆ ಸುಳ್ಳಿನ ದಿನ ಹೀಗಿತ್ತು. ಮೊಲಕ್ಕೆ ಮೊದಲ ಸಲ ಚುಚ್ಚುವ ಮುಂಚೆ ಅದರ ರಕ್ತವನ್ನು ಸ್ವಲ್ಪ ತೆಗೆದು ಬೇರೆ ಇಡಬೇಕು. ನಾವು ಅದನ್ನು ‘ಮೊದಲ ರಕ್ತ’ ಎನ್ನುತ್ತಿದ್ದೆವು. ಯಾಕೆಂದರೆ ಮೊಲದ ರಕ್ತದಲ್ಲಿ ನಾವು ಏನೂ ಚುಚ್ಚದೆಯೇ ಎಂಥೆಂಥದೋ ಪ್ರತಿಕಾಯಗಳು ಇರಬಹುದು. ಮೊದಲ ರಕ್ತದಲ್ಲಿ ಗೀರು ಮೂಡದೆ, ಚುಚ್ಚಿದ ಮೇಲಿನ ರಕ್ತದಲ್ಲಿ ಮಾತ್ರ ಮೂಡಿದರೆ ಆಗ ಅದು ನಮ್ಮ ಕೆಲಸದ ಫಲ. ಎರಡರಲ್ಲೂ ಮೂಡಿದರೆ ಆ ಮೊಲ ಕೆಲಸಕ್ಕೆ ಬಾರದು. ಚುಚ್ಚಿದ ಮೇಲೆ ಮೊದಲ ರಕ್ತ ಮತ್ತೆ ಸಿಗುವುದಿಲ್ಲ.

ಎರಡು ಮೊಲಗಳಿದ್ದವು. ಅವಸರಕ್ಕೆ ಅವನ್ನು ಭಾಗ್ಯನಗರದಲ್ಲಿ ಮಾರಾಟಕ್ಕೆ ತಲೆಗೂದಲು ಬಿಡಿಸಿ ಆರಿಸುವ ಕೆಲಸ ನಡೆಯುತ್ತಿದ್ದ ಒಂದು ಮನೆಯ ಹಿತ್ತಲಿನಿಂದ ತಂದಿದ್ದೆವು. ಚಳಿಗಾಲದ ಬೆಳಿಗ್ಗೆ. ಒಂದನೇ ಮೊಲ ಎಂದಿನಂತೆ ಒಂದೇ ಚುಚ್ಚಿಗೆ ರಕ್ತ ಕೊಟ್ಟಿತು. ಎರಡನೆಯದರ ಕಿವಿ ತಣ್ಣಗಿತ್ತು, ನಾಳ ಕಾಣಲೇ ಇಲ್ಲ. ಬಿಸಿ ಬಟ್ಟೆ ಒತ್ತಿದೆ, ತೀಡಿದೆ, ಚುಚ್ಚಿದೆ. ಸಿಗಲಿಲ್ಲ. ಇನ್ನೊಂದು ಕಿವಿ. ಸಿಗಲಿಲ್ಲ. ನಾಲ್ಕನೇ ಸಲ ನಾಳ ಒಡೆದು ಕಿವಿ ನೀಲಿಯಾಗಿ ಬಾತುಕೊಂಡಿತು, ಮೊಲ ಚೀರಿತು. ಮೊಲ ಚೀರುವುದನ್ನು ನೀವು ಕೇಳಿರಲಿಕ್ಕಿಲ್ಲ. ಅದು ಕೂಸು ಚೀರಿದ ಹಾಗೆಯೇ ಕೇಳುತ್ತದೆ.

ಪಕ್ಕದ ಕೋಣೆಯಲ್ಲಿ ದೇಸಾಯಿ ಸರ್ ಚುಚ್ಚುವ ವಸ್ತುವನ್ನು ಎಣ್ಣೆಯಲ್ಲಿ ಕಲಸಿ ಸಿರಿಂಜಿಗೆ ತುಂಬಿ ನಿಂತಿದ್ದರು. ಕಲಸಿದ ಮೇಲೆ ಅದನ್ನು ಇಡುವ ಹಾಗಿಲ್ಲ, ಆಗಿಂದಾಗಲೇ ಚುಚ್ಚಬೇಕು. ಅವರ ಜೊತೆ ಹೊರಗಿನಿಂದ ಬಂದ ಇಬ್ಬರು ಅತಿಥಿಗಳಿದ್ದರು. ನನ್ನ ಕೈಗುಣದ ಬಗ್ಗೆ ಆಗಷ್ಟೇ ಅವರಿಗೆ ಹೇಳುತ್ತಿದ್ದದ್ದು ನನಗೆ ಕೇಳುತ್ತಿತ್ತು.

“ಆತೇನೋ ಯಂಕಪ್ಪ?”

“ಆತ್ರೀ ಸರ್,” ಎಂದೆ.

ಎರಡೇ ಪದ. ಅವರು ಬಂದು ಎರಡೂ ಮೊಲಕ್ಕೆ ಚುಚ್ಚಿದರು. ಮಧ್ಯಾಹ್ನ ನಾನೊಬ್ಬನೇ ಕೂತು ಒಂದನೇ ಮೊಲದ ಸೀರಂ ಅನ್ನು ಎರಡು ಟ್ಯೂಬಿಗೆ ಹಂಚಿದೆ. ಒಂದರ ಮೇಲೆ ‘ಮೊಲ 1, ಮೊದಲ ರಕ್ತ’ ಎಂದು ಬರೆದೆ. ಇನ್ನೊಂದರ ಮೇಲೆ ‘ಮೊಲ 2, ಮೊದಲ ರಕ್ತ’ ಎಂದು ಬರೆದೆ. ಎರಡೂ ಒಂದೇ ಮನೆಯ ಮೊಲ, ಒಂದೇ ಮೇವು ತಿಂದವು, ಏನು ಮಹಾ ಫರಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟ್ಯೂಬ್‌ಗಳು ಫ್ರೀಜರಿಗೆ ಹೋದವು. ನಿಮಗೆ ಹೇಳುತ್ತೇನೆ, ತಂಗೆವ್ವಗಳಿರಾ: ರಕ್ತ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆಯಿರಿ. ಅವತ್ತು ಬೈಗುಳ ತಿಂದು ಮನೆಗೆ ಹೋಗಿ ಉಂಡು ಮಲಗಬಹುದು.

ಗಿರಿಜಾ ಬಂದದ್ದು ಮರುವರ್ಷ. ಕುಷ್ಟಗಿಯವಳು. ಅವಳ ತಂದೆ ಅಲ್ಲಿ ಹಮಾಲಿ ಮಾಡುತ್ತಿದ್ದರು. ಅವರ ಓಣಿಯಲ್ಲಿ ಎಂ.ಎಸ್ಸಿ. ಮಾಡಿದವಳು ಇವಳೊಬ್ಬಳೇ. ದೇಸಾಯಿ ಸರ್ ಕೈಕೆಳಗೆ ಪಿಎಚ್.ಡಿ.ಗೆ ಸೇರಿದಳು. ಸೊಂಟ ದಾಟುವ ಜಡೆ, ಮಾತು ಕಡಿಮೆ, ಕೆಲಸ ಮಾತ್ರ ಅಚ್ಚುಕಟ್ಟು. ನನ್ನನ್ನು ‘ಯಂಕಣ್ಣ’ ಎನ್ನುತ್ತಿದ್ದಳು. ನಾನು ಗಿರಿಜವ್ವ ಎನ್ನುತ್ತಿದ್ದೆ. ಕುರಿಯ ಮೂಗಿನ ಆಳದಲ್ಲಿರುವ ಹಳದಿ ಪೊರೆಯನ್ನು ಹರಿಯದಂತೆ ಬಿಡಿಸುವುದನ್ನು ಒಂದು ವಾರದಲ್ಲಿ ಕಲಿತಳು. ನನಗೆ ಅದು ಕೂಡಿ ಬರಲು ಆರು ತಿಂಗಳು ಹಿಡಿದಿತ್ತು.

ಒಂದನೇ ಮೊಲದ ಸೀರಂ ಏನೂ ಹಿಡಿಯಲಿಲ್ಲ. ಎರಡನೇ ಮೊಲದ್ದು ಹಿಡಿಯಿತು! ಗಿರಿಜಾ ಕತ್ತಲು ಕೋಣೆಯಿಂದ, ಹಾಳೆಯ ಗೀರು ಇಳಿದ ಒದ್ದೆ ಫಿಲ್ಮು ಹಿಡಿದು ಓಡಿ ಬಂದಳು. ದಟ್ಟ ಕಪ್ಪು ಗೀರು. ಪಕ್ಕದ ಸಾಲಿನಲ್ಲಿ, ನಾನು ಬರೆದಿಟ್ಟ ‘ಮೊಲ 2, ಮೊದಲ ರಕ್ತ’ದ ಸಾಲಿನಲ್ಲಿ, ಏನೂ ಇಲ್ಲ, ತೊಳೆದಷ್ಟು ಸ್ವಚ್ಛ. ಗೀರು ಇರಬೇಕಾದ ಜಾಗಕ್ಕಿಂತ ಮೇಲಿತ್ತು, ಅಂದರೆ ಪ್ರೋಟೀನಿನ ತೂಕ ನಾವು ನಿರೀಕ್ಷಿಸಿದ್ದಕ್ಕಿಂತ ಸುಮಾರು ಎರಡು ಪಟ್ಟು. ದೇಸಾಯಿ ಸರ್ ಒಂದು ಗಳಿಗೆ ಹುಬ್ಬು ಗಂಟಿಕ್ಕಿ, “ಈ ಜಾತಿ ಪ್ರೋಟೀನು ಎರಡೆರಡು ಅಂಟಿಕೊಂಡು ಓಡತಾವ. ಅದಕ್ಕ ಹಂಗ,” ಎಂದರು. ಹಾಗೆ ಅಂಟಿಕೊಳ್ಳುವುದು ಖರೆಯೂ ಹೌದು. ಆಸೆ ಇದ್ದವರಿಗೆ ಕಾರಣಕ್ಕೇನು ಬರ. ಗಿರಿಜಾ ಮರುದಿನ ಎಲ್ಲರಿಗೂ ಧಾರವಾಡ ಪೇಡೆ ಹಂಚಿದಳು, ನಾನೂ ಎರಡು ತಿಂದೆ.

ಈ ಗೀರಿನ ಬಗ್ಗೆ ಬರೆದ ಲೇಖನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಮೊಲಗಳ ಕೆಲಸಕ್ಕಾಗಿ ನನಗೆ ಕೃತಜ್ಞತೆ ಹೇಳಿದ್ದರು. ಆ ಪುಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೆ. ಎರಡನೇ ಮೊಲ ಸಾಯುವವರೆಗೆ ಅದರ ರಕ್ತ ತೆಗೆದು ತೆಗೆದು ಇಟ್ಟೆವು. ಆ ಸೀರಂ ಹಿಡಿದುಕೊಂಡೇ ಗಿರಿಜಾ ಐದು ವರ್ಷ ದುಡಿದಳು. ಈದ ಕುರಿ, ಈಯದ ಕುರಿ, ಮುದಿ ಕುರಿ, ಎಲ್ಲದರ ಮೂಗಿನಲ್ಲೂ ಆ ಗೀರನ್ನು ಅಳೆದಳು. ಪ್ರಬಂಧ ಬರೆಯಲು ಕೂತಳು.

ಆ ಹೊತ್ತಿಗೆ ಹೊಸ ವಿಧಾನ ಬಂದಿತ್ತು. ಗೀರು ಮೂಡಿದ ಜಾಗವನ್ನು ಕತ್ತರಿಸಿ ದೊಡ್ಡ ಲ್ಯಾಬಿಗೆ ಕಳಿಸಿದರೆ ಅಲ್ಲಿರುವ ಪ್ರೋಟೀನು ಯಾವುದೆಂದು ಯಂತ್ರವೇ ಹೆಸರು ಹೇಳುತ್ತದೆ. ಪ್ರಬಂಧಕ್ಕೆ ಒಂದು ಭದ್ರತೆ ಇರಲಿ ಎಂದು ಗಿರಿಜಾ ತಾನಾಗಿಯೇ ಕಳಿಸಿದಳು. ಕಳಿಸು ಎಂದು ಯಾರೂ ಹೇಳಿರಲಿಲ್ಲ.

ಉತ್ತರ ಬಂತು. ಕೆರಾಟಿನ್. ಅಂದರೆ ಕೂದಲು, ಉಗುರು, ಚರ್ಮದ ಮೇಲ್ಪದರ ಆಗಿರುವ ಪ್ರೋಟೀನು. ವಾಸನೆಯ ಪ್ರೋಟೀನಿನ ಸುಳಿವೇ ಇಲ್ಲ.

ಇಲ್ಲಿ ನೀವು ಸ್ವಲ್ಪ ಗಮನ ಕೊಡಬೇಕು. ಕೆರಾಟಿನ್ ಸಿಕ್ಕರೆ ಅದಕ್ಕೆ ಎರಡು ಅರ್ಥ. ಒಂದು, ಮೊಲದ ರಕ್ತ ಮೊದಲಿನಿಂದಲೂ ಕೆರಾಟಿನ್ ಹಿಡಿಯುತ್ತಿತ್ತು, ಪ್ರತಿಕಾಯವೇ ಸುಳ್ಳು. ಎರಡು, ಕೆಲಸ ಮಾಡಿದವರ ಕೂದಲು, ಚರ್ಮದ ಪುಡಿ ಮಾದರಿಯಲ್ಲಿ ಬಿದ್ದಿದೆ, ಕೈ ಶುಚಿಯಿಲ್ಲ. ಮೊದಲ ಅರ್ಥವನ್ನು ತಳ್ಳಿಹಾಕಿದ್ದು ನನ್ನ ಟ್ಯೂಬು. ಮೊದಲ ರಕ್ತದ ಸಾಲು ಸ್ವಚ್ಛ ಇತ್ತಲ್ಲ! ಹಾಗಾದರೆ ಮೊಲದ ತಪ್ಪಲ್ಲ, ಹುಡುಗಿಯ ತಪ್ಪು.

ದೇಸಾಯಿ ಸರ್ ಕೆಟ್ಟವರಲ್ಲ. ಆದರೆ ಅವತ್ತು ಎಲ್ಲರೆದುರು ಅಂದರು: “ಐದು ವರ್ಷ ಹೊಲಸು ಕೈಲೆ ಕೆಲಸಾ ಮಾಡೀಯಲ್ಲ ತಂಗಿ. ಯಂಕಪ್ಪನ ಸೀರಂ ಸ್ವಚ್ಛ ಐತಿ. ನಿನ್ನ ಕೈಗುಣ ಸರಿ ಇಲ್ಲ.”

ಗಿರಿಜಾ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು ನಿಂತಳು.

“ಯಂಕಣ್ಣ, ಮೊದಲ ರಕ್ತ ನೀವ ತಗದಿದ್ದಲ್ರಿ?”

“ಹೂಂ.”

“ಎರಡೂ ಮೊಲದ್ದು?”

ಆ ಒಂದು ಪ್ರಶ್ನೆಗೆ ‘ಇಲ್ಲವ್ವ’ ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಬಾಯಲ್ಲಿ ರೊಟ್ಟಿ ಇತ್ತು. ನಾನು ಗೋಣು ಹಾಕಿದೆ.

“ಹಂಗಾದ್ರ ತಪ್ಪು ನಂದ ಇರಬೇಕು,” ಎಂದು ಹೋದಳು.

ಎಂಟು ತಿಂಗಳು ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಎರಡೆರಡು ಕೈಗವಸು, ಮುಖಕ್ಕೆ ಬಟ್ಟೆ. ಉಗುರನ್ನು ರಕ್ತ ಬರುವಷ್ಟು ಕತ್ತರಿಸಿದ್ದಳು. ಮೇಜು ತೊಳೆದು, ಗಾಜಿನ ಸಾಮಾನು ತೊಳೆದು, ತೊಳೆದದ್ದನ್ನು ಮತ್ತೆ ತೊಳೆದು, ಕೈಯ ಚರ್ಮ ಸುಲಿದು ಬಿಳಿಚಿತ್ತು. ಗೀರು ಮೂಡುತ್ತಲೇ ಇತ್ತು, ಯಂತ್ರ ಕೆರಾಟಿನ್ ಎನ್ನುತ್ತಲೇ ಇತ್ತು. ಮೂಡದೆ ಏನು ಮಾಡೀತು? ಕುರಿಯ ಮೂಗಿನ ಪೊರೆಯಲ್ಲೇ ಕೆರಾಟಿನ್ ಇರುತ್ತದೆ, ಎರಡನೇ ಮೊಲದ ರಕ್ತ ಹುಟ್ಟಾ ಅದನ್ನು ಹಿಡಿಯುತ್ತಿತ್ತು. ಆ ಕೂದಲಿನ ಧೂಳಿನ ಹಿತ್ತಲಲ್ಲಿ ಬೆಳೆದದ್ದಕ್ಕೆ ಹಾಗಾಗಿತ್ತೋ ಏನೋ, ಅದು ನನ್ನ ಊಹೆ. ಊಹೆ ಬೇಕಿರಲಿಲ್ಲ. ಆ ಟ್ಯೂಬಿನಲ್ಲಿ ಇರುವುದು ಎರಡನೇ ಮೊಲದ ರಕ್ತವಲ್ಲ ಎಂಬುದು ಒಂದೇ ಸಾಕಿತ್ತು, ಅದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದಳು. ಒಳಗೆ ಬಂದು ಬಿಚ್ಚಿದಳು. ಕೂದಲು ಕಿವಿಯ ಮಟ್ಟಕ್ಕೆ ಇತ್ತು.

“ಜಡಿ ಕೊಯ್ಸೀನಿ, ಯಂಕಣ್ಣ. ಇನ್ನ ಒಂದ ಎಳಿ ಸೈತ ಬೀಳೂದಿಲ್ಲ,” ಎಂದು ನಗಲು ನೋಡಿದಳು. “ಅವ್ವ ಮೂರು ದಿನ ಆತು, ನನ್ನ ಕೂಡ ಮಾತಾಡವಲ್ಲಳು.”

ಅವಳನ್ನು ಅಲ್ಲೇ ಬಿಟ್ಟು ದೇಸಾಯಿ ಸರ್ ಕೋಣೆಯ ಬಾಗಿಲವರೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಸರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಮೊಲದ ಕೆಲಸದಾಗ ಸಂಶಯ ಇಲ್ರಿ, ಅದು ನಮ್ಮ ಯಂಕಪ್ಪಂದು.” ನನ್ನ ಕೆಲಸ ಅಲ್ಲಿ ಇನ್ನೂ ಕಾಯಂ ಆಗಿರಲಿಲ್ಲ, ಆ ವರ್ಷ ಆಗುವುದಿತ್ತು. ಅದೂ ಒಂದು ಕಾರಣ. ಆದರೆ ನಿಜ ಹೇಳಬೇಕೆಂದರೆ ದೊಡ್ಡ ಕಾರಣ ಆ ಫೋನಿನ ಮಾತೇ. ಆ ಹೆಸರು ಹೋಗುವುದು ನನಗೆ ಬೇಡವಾಗಿತ್ತು. ಬಾಗಿಲು ತಟ್ಟದೆ ತಿರುಗಿ ಬಂದೆ. ಥೂ ನನ್ನ ಜನ್ಮಕ್ಕಿಷ್ಟು!

ಗಿರಿಜಾ ಆ ಬೇಸಿಗೆಯಲ್ಲಿ ಬಿಟ್ಟು ಹೋದಳು. ಪ್ರಬಂಧ ಬರೆಯಲಿಲ್ಲ, ನೋಂದಣಿಯ ಅವಧಿ ಮುಗಿದುಹೋಯಿತು. ಹೋಗುವ ದಿನ ತನ್ನ ಮೇಜನ್ನು ಒರೆಸಿ, ನೋಟ್‌ಬುಕ್ಕುಗಳನ್ನೆಲ್ಲ ಜೋಡಿಸಿಟ್ಟು, “ನಿಮಗ ಭಾಳ ತ್ರಾಸ ಕೊಟ್ಟೆ, ಯಂಕಣ್ಣ” ಎಂದಳು. ಆ ಮಾತನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಮುಂದೆ ಕುರಿಯ ಕೆಲಸ ನಿಂತಿತು. ದೇಸಾಯಿ ಸರ್ ತಬ್ಬಲಿ ಮರಿಯ ಮಾತೇ ಎತ್ತುತ್ತಿರಲಿಲ್ಲ. ನಿವೃತ್ತರಾಗಿ, ಒಂದೆರಡು ವರ್ಷದಲ್ಲಿ ತೀರಿಕೊಂಡರು. ಅವರಿಗೆ ಹೇಳುವ ಅವಕಾಶ ಹೋಯಿತು. ಕೆಲಸದ ರೀತಿಯೂ ಬದಲಾಯಿತು. ಮೊಲ, ಟವೆಲು, ಬಿಸಿ ಬಟ್ಟೆ ಯಾವುದೂ ಬೇಡ, ಪ್ರತಿಕಾಯ ಪುಟ್ಟ ಸೀಸೆಯಲ್ಲಿ ಅಂಚೆಯಲ್ಲಿ ಬರುತ್ತದೆ. ಹುಡುಕುತ್ತಿರುವ ಪ್ರೋಟೀನು ಇಲ್ಲವೇ ಇಲ್ಲದ ಜೀವಕೋಶದ ಮೇಲೆ ಮೊದಲು ಹಾಕಿ ನೋಡುತ್ತಾರೆ, ಅಲ್ಲೂ ಗೀರು ಬಂದರೆ ಎಸೆಯುತ್ತಾರೆ. ವಾಸನೆಯ ಪ್ರೋಟೀನುಗಳಿಗೆ ಮಾಡಿದ ಪ್ರತಿಕಾಯಗಳಲ್ಲಿ ಹೀಗೆ ಎಸೆಯಬೇಕಾದವು ಭಾಳ ಎಂದು ಆಮೇಲೆ ಓದಿದೆ. ನಮ್ಮದೂ ಮೊದಲ ವರ್ಷವೇ ಎಸೆಯಬೇಕಾದದ್ದು. ಸೀಸೆಯ ಮೇಲಿನ ಚೀಟಿಯನ್ನು ಬರೆದವನು ನನ್ನಂಥ ಒಬ್ಬ ಮನುಷ್ಯ ಎಂದು ನೆನಪಿಟ್ಟುಕೊಂಡು, ನೀವೇ ಪರೀಕ್ಷೆ ಮಾಡಿ ನೋಡಿರಿ.

ಕೇಂದ್ರ ಮುಚ್ಚಿದಾಗ ಫ್ರೀಜರ್ ಖಾಲಿ ಮಾಡುವ ಕೆಲಸ ನನಗೇ ಬಂತು. ಆ ಎರಡು ಟ್ಯೂಬುಗಳು ಹಿಮದಲ್ಲಿ ಅಂಟಿಕೊಂಡು ಕೂತಿದ್ದವು, ನನ್ನದೇ ಅಕ್ಷರ. ಉಳಿದದ್ದರ ಜೊತೆ ಅವನ್ನೂ ಸುಡಲು ಹಾಕಿದೆ. ಆಮೇಲೆ ಕೊಪ್ಪಳದ ಒಂದು ಲ್ಯಾಬಿನಲ್ಲಿ ಕೆಲವು ವರ್ಷ ದುಡಿದು ನಿವೃತ್ತನಾದೆ. ಅಲ್ಲಿಯೂ ನನ್ನ ಕೈಗುಣ ಭಾಳ ಛಲೋ ಎಂದು ಜನ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು.

ಕಳೆದ ವರ್ಷ ಕುಷ್ಟಗಿಗೆ ಹೋದೆ. ಗಿರಿಜಾ ಅಲ್ಲಿ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ ಎಂದು ಗೊತ್ತಿತ್ತು. ವಿಳಾಸ ಕೇಳಿಕೊಂಡು ಮನೆಗೇ ಹೋದೆ. ಬಾಗಿಲು ತೆಗೆದವಳು ನನ್ನನ್ನು ನೋಡಿ ಮುಖವರಳಿಸಿದಳು.

“ಅಯ್ಯ ಯಂಕಣ್ಣ! ಬರ್ರಿ ಬರ್ರಿ, ಎಷ್ಟ ವರ್ಷ ಆತ್ರಿ! ಕುಂದರ್ರಿ.”

ಚಹಾ ತಂದಳು, ಅವಲಕ್ಕಿ ತಂದಳು. ಕಾಲೇಜು ಹೇಗಿದೆ ಎಂದು ಕೇಳಿದೆ.

“ಛಲೋ ಐತ್ರಿ. ಪಾಠ ಅಷ್ಟ ನಂದು. ಪ್ರಾಕ್ಟಿಕಲ್ಲು ಇನ್ನೊಬ್ಬ ಮೇಡಮ್ಮಾರು ನೋಡ್ತಾರ. ನಾ ಲ್ಯಾಬಿನ್ಯಾಗ ಕಾಲಿಡೂದಿಲ್ರಿ. ನನ್ನ ಕೈ ನಿಮಗ ಗೊತ್ತೈತೆಲ್ಲ,” ಎಂದು ನಕ್ಕಳು.

ನಾನು ಚಹಾದ ಕಪ್ಪು ಕೆಳಗಿಟ್ಟು ಹೇಳಿದೆ. ಎರಡನೇ ಮೊಲದ ಕಿವಿ, ನಾಲ್ಕು ಚುಚ್ಚು, ಒಂದು ರಕ್ತವನ್ನು ಎರಡು ಟ್ಯೂಬಿಗೆ ಹಂಚಿದ್ದು. ಹೇಳಿ ಮುಗಿದ ಮೇಲೆ ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು.

“ಬರದು ಕೊಡ್ರಿ.”

ಬರೆದೆ. ಅವಳು ಓದಿದಳು.

“ಇಷ್ಟ ಅಲ್ಲ. ನಾ ಜಡಿ ಕೊಯ್ಸಿಕೊಂಡು ಬಂದ ದಿನ ನಿಮಗ ಇದು ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತವ್ವ.”

“ಅದನ್ನೂ ಬರೀರಿ.”

ಅದನ್ನೂ ಬರೆದು ಕೆಳಗೆ ಸಹಿ ಮಾಡಿದೆ. “ಯಾರಿಗೆ ತೋರಸ್ತೀಯವ್ವ ಇದನ್ನ? ಸರ್ ಇಲ್ಲ, ಕೇಂದ್ರ ಇಲ್ಲ. ಇನ್ನ ಡಿಗ್ರಿ ಯಾರು ಕೊಡ್ತಾರ?” ಎಂದೆ.

“ಯಾರಿಗೂ ತೋರ್ಸೂದಿಲ್ಲ. ನಾ ಒಬ್ಬಾಕಿ ಓದಾಕ.”

ನಾನು ಎದ್ದೆ. ಕಾಲಿಗೆ ಬೀಳೋಣ ಎನ್ನಿಸಿತು, ಅವಳು ಹಿಂದೆ ಸರಿದು ನಿಂತಳು. ಬಾಗಿಲವರೆಗೆ ಬಂದಳು. ನಮ್ಮ ಕಡೆ ಎಂಥ ಜಗಳ ಮಾಡಿದವರನ್ನೂ ‘ಹೋಗಿ ಬರ್ರಿ’ ಎಂದೇ ಕಳಿಸುತ್ತಾರೆ. ಗಿರಿಜಾ ಹಾಳೆಯನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡದೆ, “ಹೋಗ್ರಿ” ಎಂದಳು.